ರೂಟಿನ ಬೆಲೆ ತಿಂಗಳಿಗೆ 200 ರೂಪಾಯಿ

ಚೆನ್ನೈಯಲ್ಲಿ ಪೆರಂಬೂರಿನಿಂದ ಬೆಸಂಟ್ ನಗರಕ್ಕೆ ಹೋಗುವ ಬಸ್ಸಿನ ನಂಬರ್ 29ಸಿ. ಉತ್ತರದ ರೈಲ್ವೆ ಕಾರ್ಖಾನೆಗಳ ಪೇಟೆಯಿಂದ ದಕ್ಷಿಣದ ಕಡಲಂಚಿನವರೆಗೆ ಊರನ್ನು ಸೀಳಿಕೊಂಡು ಹೋಗುವ ಈ ರೂಟು ದಶಕಗಳಿಂದ ಇದೆ. ಅದರ ಮೇಲೆ ಓಡಿದ ಬಸ್ಸುಗಳು ಎಷ್ಟೋ ಸಲ ಗುಜರಿಗೆ ಹೋಗಿ ಹೊಸವು ಬಂದಿವೆ. ಡ್ರೈವರುಗಳು, ಕಂಡಕ್ಟರುಗಳು ನಿವೃತ್ತರಾಗಿದ್ದಾರೆ. ಬಸ್ಸಿನ ಮೈಮೇಲಿನ ಹೆಸರೂ ಬದಲಾಗಿದೆ. ಒಂದು ಕಾಲಕ್ಕೆ ‘ಪಲ್ಲವನ್’ ಎಂದು ಇದ್ದದ್ದು ಈಗ ಮಹಾನಗರ ಸಾರಿಗೆ ನಿಗಮ, ಎಲ್ಲರ ಬಾಯಲ್ಲಿ ಎಂಟಿಸಿ. ಬದಲಾಗದೆ ಉಳಿದದ್ದು ಮುಂದಿನ ಗಾಜಿನ ಮೇಲಿನ ಆ ನಂಬರು ಮಾತ್ರ. ಬಸ್ ಕಂಪನಿಯ ಆಸ್ತಿ ಯಾವುದು ಎಂದು ಕೇಳಿದರೆ ಬಸ್ಸು, ಡಿಪೊ, ವರ್ಕ್‌ಶಾಪು ಎಂದು ಹೇಳುವುದು ಸುಲಭ. ತಮಿಳುನಾಡಿನ ಸರ್ಕಾರಿ ಬಸ್ ಸಂಸ್ಥೆ ಖಾಸಗಿ ಕಂಪನಿಗಳನ್ನು ಒಂದೊಂದಾಗಿ ನುಂಗಿ ಬೆಳೆದ ಕಥೆಯನ್ನು ಓದಿದರೆ ಬೇರೆಯೇ ಉತ್ತರ ಸಿಗುತ್ತದೆ. ಅಲ್ಲಿ ಕೈ ಬದಲಾದ ನಿಜವಾದ ಸೊತ್ತು ರೂಟು. ಬಸ್ಸುಗಳು ಅದರ ಜೊತೆಗೆ ಬಂದವು, ಅಷ್ಟೆ. ಈ ಒಂದು ಮಾತನ್ನು ಹಿಡಿದುಕೊಂಡರೆ ನಿಗಮಗಳ ಬಲವೂ ತಿಳಿಯುತ್ತದೆ, ಅವುಗಳ ಬೇನೆಯೂ ತಿಳಿಯುತ್ತದೆ.

ಮೊದಮೊದಲು ರೂಟಿಗೆ ಬೆಲೆಯೇ ಇರಲಿಲ್ಲ. ಟಿ.ವಿ. ಸುಂದರಂ ಅಯ್ಯಂಗಾರ್ 1912ರಲ್ಲಿ ತಂಜಾವೂರು–ಪುದುಕೋಟೆ ನಡುವೆ ಬಸ್ ಓಡಿಸಲು ಹೊರಟಾಗ, ಅಥವಾ ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ನಮ್ಮ ಸಿಪಿಸಿ ಶುರುವಾದಾಗ, ರಸ್ತೆ ಯಾರದೂ ಆಗಿರಲಿಲ್ಲ. ಗಾಡಿ ಇದ್ದವನು ಓಡಿಸಿದ, ಜನ ಇದ್ದ ಕಡೆ ನಿಲ್ಲಿಸಿದ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಗಾಡಿಗಳು ಹೆಚ್ಚಿ, ಒಬ್ಬರ ಮುಂದೆ ಒಬ್ಬರು ನುಗ್ಗಿ, ದರ ಇಳಿಸಿ ಕಾದಾಡುವ ಸ್ಥಿತಿ ಬಂತು. ಇದರಿಂದ ಹೆಚ್ಚು ಹೆದರಿದ್ದು ಪ್ರಯಾಣಿಕರಲ್ಲ, ರೈಲ್ವೆ. ರೈಲಿನ ಪಕ್ಕದ ರಸ್ತೆಯಲ್ಲೇ ಬಸ್ಸುಗಳು ಓಡಿ ಅದರ ಆದಾಯ ಕಡಿಯುತ್ತಿದ್ದವು. ಬ್ರಿಟಿಷ್ ಸರ್ಕಾರ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರಿಂದ ವರದಿ ಬರೆಸಿತು, ಅದು 1933ರಲ್ಲಿ ಬಂತು. ಆ ಚರ್ಚೆಯ ಕೊನೆಯಲ್ಲಿ ಹುಟ್ಟಿದ್ದು 1939ರ ಮೋಟಾರು ವಾಹನ ಕಾಯ್ದೆ. ಇಂಥ ಊರಿನಿಂದ ಇಂಥ ಊರಿಗೆ, ಇಂಥ ದಾರಿಯಲ್ಲಿ, ದಿನಕ್ಕೆ ಇಷ್ಟು ಟ್ರಿಪ್, ಇಷ್ಟು ಗಂಟೆಗೆ ಹೊರಡಬೇಕು ಎಂದು ಬರೆದ ಒಂದು ಕಾಗದ ಇಲ್ಲದೆ ಬಸ್ಸು ರಸ್ತೆಗೆ ಇಳಿಯುವಂತಿಲ್ಲ ಎಂದಾಯಿತು. ಆ ಕಾಗದವೇ ಪರ್ಮಿಟ್. ಎಲ್ಲರಿಗೂ ಸಿಗುವುದಕ್ಕೆ ಬೆಲೆ ಇರುವುದಿಲ್ಲ. ಕೆಲವರಿಗೆ ಮಾತ್ರ ಸಿಗುವಂತೆ ಮಾಡಿದ ದಿನ ರೂಟಿಗೆ ಬೆಲೆ ಹುಟ್ಟಿತು. ರೈಲಿನ ಭಯ ಬಸ್ ಮಾಲೀಕರಿಗೆ ಆಸ್ತಿ ಮಾಡಿಕೊಟ್ಟಿತು ಎಂದರೆ ತಮಾಷೆಯಾಗಿ ಕಾಣಬಹುದು, ಆದರೆ ನಡೆದದ್ದು ಅದೇ.

ಆ ಬೆಲೆ ಎಷ್ಟು ದೊಡ್ಡದು ಎಂಬುದಕ್ಕೆ ನ್ಯಾಯಾಲಯಗಳ ಕಡತಗಳೇ ಸಾಕ್ಷಿ. ತಂಜಾವೂರು ಜಿಲ್ಲೆಯಲ್ಲಿ ರಾಮನ್ ಅಂಡ್ ರಾಮನ್ ಎಂಬ ದೊಡ್ಡ ಬಸ್ ಕಂಪನಿ ಇತ್ತು. 1950ರ ದಶಕದಲ್ಲಿ ಅದು ಪರ್ಮಿಟ್ ವ್ಯಾಜ್ಯ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಒಮ್ಮೆಯಲ್ಲ, ಮತ್ತೆ ಮತ್ತೆ. ಎರಡು ಸಣ್ಣ ಊರುಗಳ ನಡುವೆ ಯಾರು ಬಸ್ ಬಿಡಬೇಕು ಎಂಬ ಪ್ರಶ್ನೆಗೆ ದಿಲ್ಲಿಯ ವಕೀಲರಿಗೆ ಹಣ ಸುರಿಯಬೇಕಾದರೆ ಆ ದಾರಿಯಲ್ಲಿ ಎಷ್ಟು ಕಲೆಕ್ಷನ್ ಇದ್ದಿರಬೇಕು! ಇಂದಿಗೂ ಖಾಸಗಿ ಬಸ್ಸುಗಳ ನಾಡಾದ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಬಸ್ ಮಾರಾಟದ ಮಾತು ಬಂದರೆ ಕೇಳುವವರು ಎಂಜಿನ್ ಎಷ್ಟು ಹಳೆಯದು ಎಂದು ಮೊದಲು ಕೇಳುವುದಿಲ್ಲ. ಯಾವ ಲೈನು, ಟೈಮಿಂಗ್ ಏನು ಎಂದು ಕೇಳುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ಶಾಲೆ, ಆಫೀಸಿನ ಜನ ಕಾಯುವ ಟೈಮಿಂಗ್ ಇದ್ದರೆ ಹಳೆಯ ಬಸ್ಸಿಗೂ ಬೆಲೆಯುಂಟು. ಅದಿಲ್ಲದಿದ್ದರೆ ಹೊಚ್ಚ ಹೊಸ ಬಸ್ಸೂ ಬರಿಯ ಕಬ್ಬಿಣ.

ಸರ್ಕಾರಗಳಿಗೆ ಇದು ಬೇಗ ಅರ್ಥವಾಯಿತು. ಮದ್ರಾಸ್ ಸರ್ಕಾರ 1947ರಲ್ಲಿ 30 ಬಸ್ಸುಗಳನ್ನಿಟ್ಟುಕೊಂಡು ನಗರದ ಓಡಾಟಕ್ಕೆ ಇಳಿಯಿತು. ಮರುವರ್ಷ ನಗರದ ಖಾಸಗಿ ಬಸ್ಸುಗಳನ್ನೆಲ್ಲ ತೆರವು ಮಾಡಿಸಿ ಇಡೀ ಊರನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಬೆಂಗಳೂರಿನಲ್ಲಿ 1940ರಿಂದ ಓಡುತ್ತಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1956ರಲ್ಲಿ ಸರ್ಕಾರದ ಪಾಲಾಗಿ ಬಿಟಿಎಸ್ ಆಯಿತು. ಆದರೆ ಕಾನೂನು ಇಷ್ಟು ಸಲೀಸಾಗಿ ದಾರಿ ಬಿಡಲಿಲ್ಲ. ಉತ್ತರ ಪ್ರದೇಶದ ಸರ್ಕಾರಿ ಬಸ್ಸುಗಳ ಏಕಸ್ವಾಮ್ಯವನ್ನು ಅಲಹಾಬಾದ್ ಹೈಕೋರ್ಟ್ ಒಪ್ಪಲಿಲ್ಲ. ಅದಕ್ಕೆಂದೇ 1951ರ ಮೊದಲ ಸಂವಿಧಾನ ತಿದ್ದುಪಡಿಯಲ್ಲಿ, ಸರ್ಕಾರ ಒಂದು ವ್ಯಾಪಾರವನ್ನು ನಾಗರಿಕರನ್ನು ಹೊರಗಿಟ್ಟು ತಾನೇ ನಡೆಸಬಹುದು ಎಂಬ ಸಾಲು ಸೇರಿತು. ನಮ್ಮ ಸಂವಿಧಾನದ ಒಂದು ವಾಕ್ಯದ ಹಿಂದೆ ಬಸ್ಸಿನ ಹಾರನ್ ಕೇಳಿಸುತ್ತದೆ! 1956ರಲ್ಲಿ ಮೋಟಾರು ವಾಹನ ಕಾಯ್ದೆಗೆ ಹೊಸ ಅಧ್ಯಾಯವೇ ಬಂತು. ಸಾರಿಗೆ ಸಂಸ್ಥೆ ಒಂದು ಸ್ಕೀಮ್ ಪ್ರಕಟಿಸಬೇಕು, ತಕರಾರು ಕೇಳಬೇಕು, ಸರ್ಕಾರ ಒಪ್ಪಬೇಕು, ಆಮೇಲೆ ಆ ರೂಟುಗಳ ಖಾಸಗಿ ಪರ್ಮಿಟ್ ರದ್ದು. ಕೋಲಾರ ಸ್ಕೀಮು, ಬಳ್ಳಾರಿ ಸ್ಕೀಮು ಎಂದು ನಮ್ಮ ಬಸ್ ಮಾಲೀಕರು ದಶಕಗಟ್ಟಲೆ ಕೋರ್ಟಿಗೆ ಅಲೆದದ್ದು ಈ ಅಧ್ಯಾಯದ ಕೃಪೆಯಿಂದ. ರದ್ದಾದ ಪರ್ಮಿಟ್ಟಿಗೆ ಪರಿಹಾರ ಎಷ್ಟು? ಉಳಿದ ಅವಧಿಯ ಪ್ರತಿ ತಿಂಗಳಿಗೆ 200 ರೂಪಾಯಿ, ಹದಿನೈದು ದಿನದೊಳಗಿನ ಚೂರಿಗೆ 100 ರೂಪಾಯಿ, ಒಟ್ಟು ಎಷ್ಟೇ ಕಡಿಮೆಯಾದರೂ 400ಕ್ಕಿಂತ ಕೆಳಗಿಲ್ಲ. ಈ ಮೊತ್ತ 1988ರ ಹೊಸ ಕಾಯ್ದೆಯಲ್ಲೂ ಒಂದು ಪೈಸೆ ಹೆಚ್ಚದೆ ಹಾಗೆಯೇ ಬಂದು ಕೂತಿತು. ನಡುವೆ ಮೂವತ್ತೆರಡು ವರ್ಷ ಕಳೆದಿದ್ದವು.

ಸ್ಕೀಮಿನ ದಾರಿ ನಿಧಾನದ ದಾರಿ, ರೂಟಿನ ಮೇಲೆ ರೂಟು ಹಿಡಿಯಬೇಕು. ತಮಿಳುನಾಡಿನಲ್ಲಿ ಎಂ. ಕರುಣಾನಿಧಿ ಅವರ ಸರ್ಕಾರ ಅಷ್ಟು ಕಾಯಲಿಲ್ಲ. 1971ರಲ್ಲಿ ದೊಡ್ಡ ಫ್ಲೀಟ್ ಮಾಲೀಕರ ಬಸ್ಸುಗಳನ್ನು ಒಟ್ಟಿಗೆ ಸ್ವಾಧೀನಕ್ಕೆ ತೆಗೆದುಕೊಳ್ಳುವ ಪ್ರತ್ಯೇಕ ಕಾನೂನನ್ನೇ ತಂದಿತು. ಮುಂದಿನ ಕೆಲವೇ ತಿಂಗಳಲ್ಲಿ ದಕ್ಷಿಣದ ದೊಡ್ಡ ಹೆಸರುಗಳು ಒಂದರ ಹಿಂದೊಂದು ಸರ್ಕಾರದ ತೆಕ್ಕೆಗೆ ಬಂದವು. 1972ರ ಜನವರಿ 1ರಂದು ಮದ್ರಾಸಿನಲ್ಲಿ ಪಲ್ಲವನ್ ಸಾರಿಗೆ ನಿಗಮ ಶುರುವಾಯಿತು, ಮೀಸಲು ಬಸ್ಸುಗಳೂ ಸೇರಿ 1,029 ಗಾಡಿಗಳೊಂದಿಗೆ. ಇದು ಹಳೆಯ ಸರ್ಕಾರಿ ಇಲಾಖೆಯ ನಗರ ಭಾಗ. ಅದೇ ತಿಂಗಳು ಮದುರೈಯಲ್ಲಿ ಟಿವಿಎಸ್‌ನ ಬಸ್ಸುಗಳನ್ನು ತೆಗೆದುಕೊಂಡು ಪಾಂಡಿಯನ್ ರೋಡ್‌ವೇಸ್ ಹುಟ್ಟಿತು. ಕೊಯಮತ್ತೂರಿನಲ್ಲಿ ಪೊಳ್ಳಾಚಿಯ ಆನೆಮಲೈ ಬಸ್ ಟ್ರಾನ್ಸ್‌ಪೋರ್ಟ್, ಅಂದರೆ ಎಬಿಟಿ, ಚೇರನ್ ನಿಗಮದೊಳಗೆ ಸೇರಿತು. ಕುಂಭಕೋಣದಲ್ಲಿ ರಾಮನ್ ಅಂಡ್ ರಾಮನ್, ಸತ್ತಿ ವಿಲಾಸ್ ಮುಂತಾದವು ಚೋಳನ್ ಆದವು. ಪಲ್ಲವ, ಪಾಂಡ್ಯ, ಚೇರ, ಚೋಳ ಎಂದು ನಾಲ್ಕು ರಾಜವಂಶಗಳು ಮತ್ತೆ ರಸ್ತೆಗಿಳಿದಂತಾಯಿತು. ಸೇಲಂ, ವಿಳುಪ್ಪುರಂ, ತಿರುನೆಲ್ವೇಲಿಯ ನಿಗಮಗಳು ಬೆನ್ನಿಗೇ ಬಂದವು. ಸಣ್ಣ ಮಾಲೀಕರನ್ನು ಮಾತ್ರ ಈ ಅಲೆ ಪೂರ್ತಿ ಮುಳುಗಿಸಲಿಲ್ಲ. ಕೊಯಮತ್ತೂರು, ಸೇಲಂ ಕಡೆ ಇಂದಿಗೂ ಸರ್ಕಾರಿ ಬಸ್ಸಿನ ಹಿಂದೆಯೇ ಖಾಸಗಿ ಬಸ್ಸು ಸಂಗೀತ ಹಾಕಿಕೊಂಡು ಬರುವುದು ಅದಕ್ಕೇ.

ಈ ಕೊಳ್ಳುವಿಕೆಯಲ್ಲಿ ಸರ್ಕಾರಕ್ಕೆ ದಕ್ಕಿದ್ದೇನು ಎಂದು ನೋಡಲು ಟಿವಿಎಸ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮದುರೈ ಸುತ್ತಿನ ಜನ ಟಿವಿಎಸ್ ಬಸ್ ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಎಂಬ ಮಾತು ಈಗಲೂ ಅಲ್ಲಿ ಚಾಲ್ತಿಯಲ್ಲಿದೆ. ಕಂಪನಿ ತನ್ನ ರಸ್ತೆಗಳಲ್ಲಿ ಅಯಸ್ಕಾಂತ ಕಟ್ಟಿದ ಗಾಡಿ ಓಡಿಸಿ, ಎತ್ತು-ಕುದುರೆಗಳ ಲಾಳದಿಂದ ಉದುರಿದ ಮೊಳೆ ಹೆಕ್ಕಿಸುತ್ತಿತ್ತಂತೆ, ಟೈರು ಪಂಕ್ಚರ್ ಆಗಿ ಹೊತ್ತು ತಪ್ಪಬಾರದು ಎಂದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾದಾಗ ಇದ್ದಿಲು ಸುಟ್ಟು ಬರುವ ಅನಿಲದಿಂದ ಬಸ್ ಓಡಿಸುವ ಗ್ಯಾಸ್ ಪ್ಲಾಂಟನ್ನು ಅದೇ ತಯಾರಿಸಿತು. 1972ರ ಹಸ್ತಾಂತರದಲ್ಲಿ ಬಸ್ಸುಗಳು ಸರ್ಕಾರಕ್ಕೆ ಹೋದವು, ರೂಟುಗಳು ಹೋದವು. ಆ ಶಿಸ್ತನ್ನು ಯಾವ ಆದೇಶದಿಂದ ಸ್ವಾಧೀನ ಮಾಡಿಕೊಳ್ಳುವುದು? ಇತ್ತ ಕಂಪನಿಗಳು ಸಾಯಲಿಲ್ಲ. ಪ್ರಯಾಣಿಕರ ಸಾರಿಗೆ ಕಳೆದುಕೊಂಡ ಎಬಿಟಿಯ ಹೆಸರು ಪಾರ್ಸಲ್ ಸರ್ವಿಸಿನಲ್ಲಿ ಉಳಿಯಿತು. ಅದರ ಒಡೆಯರಾದ ಪೊಳ್ಳಾಚಿ ಎನ್. ಮಹಾಲಿಂಗಂ ಅವರ ಶಕ್ತಿ ಶುಗರ್ಸ್ ಅಷ್ಟರಲ್ಲೇ ನಿಂತಿತ್ತು. ಟಿವಿಎಸ್ ಬಿಡಿಭಾಗ, ಮೋಟಾರು ಕೈಗಾರಿಕೆಯಲ್ಲಿ ಬೆಳೆದು ಎಲ್ಲಿಗೆ ಮುಟ್ಟಿತು ಎಂಬುದು ಎಲ್ಲರಿಗೂ ಗೊತ್ತು. ಸರಕು ಸಾಗಣೆಗೆ ಇಂಥ ರೂಟಿನ ಬೇಲಿ ಇರಲಿಲ್ಲ, ಹಾಗಾಗಿ ಕಸಿಯಲು ಏನೂ ಇರಲಿಲ್ಲ. ಪ್ರಯಾಣಿಕರ ಬಸ್ಸಿನಲ್ಲಿ ಬೇಲಿಯೇ ಆಸ್ತಿ, ಹಾಗಾಗಿ ಒಂದು ಕಾನೂನಿನಿಂದ ಎಲ್ಲವೂ ಹೋಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಪರ್ಮಿಟ್ ಕೊಟ್ಟದ್ದು ಸರ್ಕಾರ, ಹಿಂತೆಗೆದುಕೊಂಡದ್ದೂ ಸರ್ಕಾರ, ಇದರಲ್ಲಿ ಮಾಲೀಕ ಕಳೆದುಕೊಂಡದ್ದೇನು ಎಂದು ರಾಷ್ಟ್ರೀಕರಣದ ಪರ ವಾದಿಸುವವರು ಕೇಳುತ್ತಾರೆ. ಅದರ ಅರ್ಧ ನಿಜ. ಪೈಪೋಟಿಯನ್ನು ದೂರವಿಟ್ಟ ಕಾಗದ ಸರ್ಕಾರದ್ದೇ. ಆದರೆ ಕಾಡುದಾರಿಯಲ್ಲಿ, ಮಳೆಗಾಲದ ಕೆಸರಿನಲ್ಲಿ, ಆರು ಜನ ಹತ್ತುವ ಬಸ್ಸನ್ನು ದಿನಾ ಓಡಿಸಿ, ಹತ್ತು ವರ್ಷದಲ್ಲಿ ಅದೇ ದಾರಿಯಲ್ಲಿ ಅರವತ್ತು ಜನ ಹತ್ತುವಂತೆ ಮಾಡಿದವನು ಮಾಲೀಕನೇ. ಆ ಬೆಳೆಸಿದ ಭಾಗಕ್ಕೆ ತಿಂಗಳಿಗೆ 200 ರೂಪಾಯಿ ಎಂದರೆ ಅದನ್ನು ಬೆಲೆ ಎನ್ನಲಾಗದು, ಬೀಳ್ಕೊಡುಗೆ ಎನ್ನಬಹುದು. ಇದೆಲ್ಲ ರಾಜಕೀಯ ಸೇಡು, ದೊಡ್ಡ ಬಸ್ ಮಾಲೀಕರು ಆಳುವ ಪಕ್ಷದವರಲ್ಲ ಎಂಬುದೇ ಕಾರಣ ಎಂದು ಇನ್ನೊಂದು ಕಡೆಯವರು ಹೇಳುತ್ತಾರೆ. ಮಹಾಲಿಂಗಂ ಕಾಂಗ್ರೆಸ್ಸಿನ ಶಾಸಕರಾಗಿದ್ದವರು ಎಂಬುದನ್ನು ಎತ್ತಿ ತೋರಿಸುತ್ತಾರೆ. ಆ ಲೆಕ್ಕ ಇರಲಿಲ್ಲ ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಆದರೂ ಬರೀ ಸೇಡಾಗಿದ್ದರೆ ಕಾಂಗ್ರೆಸ್ ಸರ್ಕಾರಗಳೇ ಮದ್ರಾಸಿನಲ್ಲಿ, ಮೈಸೂರಿನಲ್ಲಿ, ಲಖನೌದಲ್ಲಿ ಅದಕ್ಕೂ ಕಾಲು ಶತಮಾನ ಮೊದಲು ಇದೇ ಕೆಲಸ ಮಾಡಿದ್ದೇಕೆ?

ಇದೇ ಆಸೆ ಕರ್ನಾಟಕದಲ್ಲಿ ಇನ್ನೊಂದು ರೂಪ ತಾಳಿತು. ಇಲ್ಲಿ ಕಾಂಟ್ರಾಕ್ಟ್ ಕ್ಯಾರೇಜ್‌ಗಳು, ಅಂದರೆ ಮದುವೆ ದಿಬ್ಬಣಕ್ಕೋ ಪ್ರವಾಸಕ್ಕೋ ಇಡಿಯಾಗಿ ಬಾಡಿಗೆಗೆ ಹೋಗಬೇಕಾದ ಬಸ್ಸುಗಳು, ಊರಿನಿಂದ ಊರಿಗೆ ಟಿಕೆಟ್ ಹಾಕಿಕೊಂಡು ಓಡುತ್ತಿದ್ದವು. ರೂಟಿನ ಪರ್ಮಿಟ್ ಇಲ್ಲದೆಯೇ ರೂಟಿನ ಲಾಭ. 1976ರಲ್ಲಿ ದೇವರಾಜ ಅರಸು ಸರ್ಕಾರ ಅವುಗಳನ್ನೂ ಸ್ವಾಧೀನಕ್ಕೆ ತೆಗೆದುಕೊಂಡಿತು. ಹೈಕೋರ್ಟ್ ಆ ಕಾನೂನನ್ನು ಬೀಳಿಸಿತು, 1977ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ನಿಲ್ಲಿಸಿತು. ರಂಗನಾಥ ರೆಡ್ಡಿ ಪ್ರಕರಣ ಎಂದೇ ಪ್ರಸಿದ್ಧವಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದು, ಸಮುದಾಯದ ಸಂಪನ್ಮೂಲ ಎಂಬ ಮಾತಿನೊಳಗೆ ಖಾಸಗಿ ಆಸ್ತಿಯೂ ಸೇರುತ್ತದೆ ಎಂದರು. ತಮಿಳುನಾಡು 1973ರಲ್ಲಿ ತಂದ ಇನ್ನೊಂದು ಸ್ವಾಧೀನ ಕಾಯ್ದೆಯ ಮೊಕದ್ದಮೆ ಇನ್ನೂ ತಡವಾಗಿ, 1983ರ ಕೊನೆಯಲ್ಲಿ, ಅಬು ಕವೂರ್ ಬಾಯಿ ಪ್ರಕರಣವಾಗಿ ಇತ್ಯರ್ಥವಾಯಿತು. ಅಲ್ಲೂ ಸರ್ಕಾರವೇ ಗೆದ್ದಿತು. ಅಷ್ಟರಲ್ಲಿ ಕಾಯ್ದೆಗೆ ಹತ್ತು ವರ್ಷ. ಬಸ್ಸಿನ ಆಯುಸ್ಸೇ ಅಷ್ಟು! ಮಾಲೀಕ ಗೆದ್ದಿದ್ದರೂ ಹಿಂತಿರುಗಿ ಪಡೆಯಲು ಗಾಡಿಗಳು ಎಲ್ಲಿ ಉಳಿದಿರುತ್ತಿದ್ದವು? ಕೃಷ್ಣ ಅಯ್ಯರ್ ಅವರ ಆ ಮಾತನ್ನು 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತಳ್ಳಿಹಾಕಿತು, ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಾಗದು ಎಂದಿತು. ಪೀಠದಲ್ಲಿದ್ದ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಭಾಗಶಃ ಮಾತ್ರ ಒಪ್ಪಿದರು. ಹಳೆಯ ನ್ಯಾಯಮೂರ್ತಿಗಳನ್ನು ಅವರ ಕಾಲದಿಂದ ಬಿಡಿಸಿ ಟೀಕಿಸುವುದು ಸರಿಯಲ್ಲ ಎಂದೂ ಬರೆದರು. ಆ ತೀರ್ಪಿನಿಂದ ಯಾವ ರೂಟೂ ಹಳೆಯ ಒಡೆಯನಿಗೆ ಮರಳಲಿಲ್ಲ.

ಕೊಂಡ ಮೇಲೆ ಏನಾಯಿತು? ತಮಿಳುನಾಡು ತನ್ನ ನಿಗಮಗಳನ್ನು ನಮ್ಮ ಕೆಎಸ್ಆರ್‌ಟಿಸಿಯಂತೆ 1950ರ ಸಾರಿಗೆ ನಿಗಮಗಳ ಕಾಯ್ದೆಯಡಿ ಕಟ್ಟದೆ ಕಂಪನಿ ಕಾಯ್ದೆಯಡಿ ಲಿಮಿಟೆಡ್ ಕಂಪನಿಗಳಾಗಿ ಕಟ್ಟಿತು. ಕಂಪನಿಯನ್ನು ಒಡೆಯುವುದು, ಕೂಡಿಸುವುದು ಸುಲಭ, ಹಾಗಾಗಿ ಒಡೆದದ್ದೇ ಒಡೆದದ್ದು. ಪಾಂಡಿಯನ್‌ನಿಂದ ಕಟ್ಟಬೊಮ್ಮನ್, ಚೇರನ್‌ನಿಂದ ಜೀವಾ, ಪಲ್ಲವನ್‌ನಿಂದ ದೂರದೂರಿನ ಬಸ್ಸುಗಳ ತಿರುವಳ್ಳುವರ್. ಕನ್ನಡ ಕೇಳಿಬರುವ ಹೊಸೂರು, ಕೃಷ್ಣಗಿರಿ, ಧರ್ಮಪುರಿಯ ರಸ್ತೆಗಳಲ್ಲಿ ಅನ್ನೈ ಸತ್ಯಾ ಹೆಸರಿನ ಬಸ್ಸುಗಳು ಓಡಿದವು. ಹೊಸ ನಿಗಮ ಎಂದರೆ ಹೊಸ ಹೆಸರು, ಹೊಸ ಹೆಸರು ಎಂದರೆ ಒಂದು ಸಮುದಾಯಕ್ಕೆ ಗೌರವ. ಕೊನೆಗೆ 1997ರಲ್ಲಿ ವಿರುದುನಗರ ಜಿಲ್ಲೆಯ ಹೊಸ ನಿಗಮಕ್ಕೆ ದಲಿತ ವೀರ ಸುಂದರಲಿಂಗಂ ಅವರ ಹೆಸರಿಟ್ಟಾಗ, ಆ ಬಸ್ ಹತ್ತುವುದಿಲ್ಲ ಎಂದವರಿಂದ ಗಲಭೆ ಹೊತ್ತಿಕೊಂಡಿತು. ಸರ್ಕಾರ ಎಲ್ಲ ನಿಗಮಗಳಿಂದಲೂ ಎಲ್ಲ ಜಿಲ್ಲೆಗಳಿಂದಲೂ ಮಹನೀಯರ ಹೆಸರು ತೆಗೆದುಹಾಕಿತು. ರಾಜವಂಶಗಳೂ ಜೊತೆಗೇ ಹೋದವು. ಪಲ್ಲವನ್ ಎಂಟಿಸಿ ಆಯಿತು. 1994ರಲ್ಲಿ ಅದರಿಂದ ಬೇರೆಯಾಗಿದ್ದ ಅಂಬೇಡ್ಕರ್ ನಿಗಮ 2001ರಲ್ಲಿ ಮತ್ತೆ ಅದರೊಳಗೆ ಸೇರಿತು. ಮುಖ್ಯ ಕಚೇರಿಯ ಹೆಸರು ಮಾತ್ರ ಇಂದಿಗೂ ಪಲ್ಲವನ್ ಇಲ್ಲಂ. ಆಮೇಲಿನ ವರ್ಷಗಳಲ್ಲಿ ಉಳಿದವೂ ಒಂದಕ್ಕೊಂದು ಕೂಡಿ ಈಗ ಒಟ್ಟು ಎಂಟು ನಿಗಮಗಳು, ಸುಮಾರು 20,000 ಬಸ್ಸುಗಳು. ತಮಾಷೆ ಎಂದರೆ ಅವರು ಕೂಡಿಸಲು ಹೊರಟ 1997ರ ಆಸುಪಾಸಿನಲ್ಲೇ ನಾವು ಒಡೆಯಲು ಹೊರಟೆವು. ಬಿಎಂಟಿಸಿ, ವಾಯವ್ಯ ಕರ್ನಾಟಕ ಸಾರಿಗೆ ಎರಡೂ ಆ ವರ್ಷದವು. ಈ ಒಡೆ-ಕೂಡುಗಳಲ್ಲಿ ಪ್ರಯಾಣಿಕನ ಪಾಲಿಗೆ ಏನು ಬದಲಾಯಿತು? ಹೆಚ್ಚೇನಿಲ್ಲ. ರೂಟು ಎತ್ತಲೂ ಹೋಗಲಿಲ್ಲವಲ್ಲ.

ರೂಟೇ ಆಸ್ತಿಯಾದರೆ, ಅಷ್ಟೊಂದು ಆಸ್ತಿ ಇಟ್ಟುಕೊಂಡ ನಿಗಮ ನಷ್ಟದಲ್ಲೇಕೆ ಎಂದು ಕೇಳಬಹುದು. ಕಾರಣ ಆ ಆಸ್ತಿಯ ಸ್ವಭಾವದಲ್ಲೇ ಇದೆ. ಆಸ್ತಿ ನಿಗಮದ್ದು, ಅದರ ಬಾಡಿಗೆ ಗೊತ್ತುಮಾಡುವುದು ಮಂತ್ರಿಮಂಡಲ. ತಮಿಳುನಾಡಿನಲ್ಲಿ 2011ರ ಕೊನೆಯಲ್ಲಿ ಏರಿದ ಟಿಕೆಟ್ ದರ ಮತ್ತೆ ಏರಿದ್ದು 2018ರ ಜನವರಿಯಲ್ಲಿ, ಅದೂ ಒಮ್ಮೆಲೇ ಏರಿ ವಿದ್ಯಾರ್ಥಿಗಳು ಬೀದಿಗಿಳಿಯುವಂತಾಯಿತು. ನಡುವೆ ಡೀಸೆಲ್ಲಿನ ದರ ಯಾರ ಅಪ್ಪಣೆಗೂ ಕಾಯಲಿಲ್ಲ. ಅಲ್ಲದೆ ಖಾಸಗಿಯವನು ಆರಿಸಿಕೊಂಡ ರೂಟು ಓಡಿಸುತ್ತಿದ್ದ. ನಿಗಮಕ್ಕೆ ಕೊನೆಯ ಹಳ್ಳಿಯ ಕೊನೆಯ ಟ್ರಿಪ್ಪೂ ಸೇರಿ ಎಲ್ಲವೂ ಬಂತು. ಹಾಗಾದರೆ ಬೇಲಿಯನ್ನೇ ಕಿತ್ತುಬಿಡೋಣ, ಯಾರು ಬೇಕಾದರೂ ಓಡಿಸಲಿ ಎನ್ನುವವರು ಬ್ರಿಟನ್ನಿನ ಡಾರ್ಲಿಂಗ್ಟನ್ ಊರಿನ ಕಥೆ ಓದಬೇಕು. 1985ರ ಕಾನೂನು ಲಂಡನ್ನಿನ ಹೊರಗೆ ರೂಟಿನ ಬೇಲಿಯನ್ನು ಕಿತ್ತುಹಾಕಿತು. ಸ್ಕಾಟ್‌ಲೆಂಡಿನಲ್ಲಿ 1980ರಲ್ಲಿ ಅಕ್ಕ-ತಮ್ಮ-ಭಾವ ಎಂಬಂತೆ ಮನೆಮಂದಿ ಸೇರಿ ಕಟ್ಟಿದ ಸ್ಟೇಜ್‌ಕೋಚ್, ಸರ್ಕಾರ ಮಾರಿದ ಪ್ರಾದೇಶಿಕ ಕಂಪನಿಗಳನ್ನು ಒಂದೊಂದಾಗಿ ಕೊಂಡು ದೈತ್ಯನಾಯಿತು. 1994ರಲ್ಲಿ ಡಾರ್ಲಿಂಗ್ಟನ್ನಿನ ಪುರಸಭೆಯ ಬಸ್ ಕಂಪನಿ ಮಾರಾಟಕ್ಕೆ ಬಂದಾಗ ಸ್ಟೇಜ್‌ಕೋಚಿಗೆ ಅದು ಸಿಗಲಿಲ್ಲ. ಅದು ಮಾಡಿದ್ದಿಷ್ಟು: ಆ ಕಂಪನಿಯ ಡ್ರೈವರುಗಳನ್ನು ತನ್ನ ಕಡೆ ಸೆಳೆದುಕೊಂಡಿತು, ಅದೇ ರೂಟುಗಳಲ್ಲಿ ಪುಕ್ಕಟೆ ಬಸ್ ಬಿಟ್ಟಿತು. ಪುರಸಭೆಯ ಕಂಪನಿ ಕುಸಿದುಬಿತ್ತು. ಅಲ್ಲಿನ ಏಕಸ್ವಾಮ್ಯ ಆಯೋಗ ಈ ನಡೆಯನ್ನು ಕಟುವಾಗಿ ಖಂಡಿಸಿತು, ಆದರೆ ರೂಟು ಅಷ್ಟರಲ್ಲಿ ಗೆದ್ದವನದಾಗಿತ್ತು. ಕಾಗದದ ಬೇಲಿ ಇಲ್ಲದ ಕಡೆ ಹಣದ ಬೇಲಿ ಹಾಕಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಕಾಗದದ ಬೇಲಿಯೇ ವಾಸಿ. ಅದನ್ನು ಹಾಕಿದವರನ್ನು ಐದು ವರ್ಷಕ್ಕೊಮ್ಮೆಯಾದರೂ ಕೇಳಬಹುದು.

ಟಿವಿಎಸ್ ಕಾಲದ ಶಿಸ್ತು ಹೋಯಿತು ಎಂಬ ಹಳಬರ ಗೊಣಗಾಟವನ್ನು ಇದರಿಂದ ಅಲ್ಲಗಳೆದಂತೆ ಆಗುವುದಿಲ್ಲ. ಪೈಪೋಟಿಯೇ ಇಲ್ಲದ ರೂಟು ಕೈಲಿದ್ದಾಗ ಬಸ್ಸಿನ ಕಡೆ ಗಮನ ಕಡಿಮೆಯಾಗುವುದು ಸಹಜ. ಕಿಟಕಿ ಗಾಜು ಅದುರಲಿ, ಸೀಟಿನ ಸ್ಪಾಂಜು ಹೊರಬರಲಿ, 29ಸಿಗೆ ಕಾಯುವವನು 29ಸಿಗೇ ಕಾಯಬೇಕು. ಹೊಸ ಬಸ್ ಕೊಳ್ಳಲು ದುಡ್ಡಿಲ್ಲ, ಹಳೆಯದಕ್ಕೆ ಆಯುಸ್ಸಿಲ್ಲ ಎಂಬ ಇಕ್ಕಟ್ಟಿನಲ್ಲಿ ನಿಗಮಗಳು ಈಗ ಹಿಡಿದಿರುವ ದಾರಿ, 1972ರಲ್ಲಿ ಹಿಡಿದ ದಾರಿಯ ತಿರುವುಮುರುವು. ಅಂದು ರೂಟಿನ ಜೊತೆ ಬಸ್ಸನ್ನೂ ಕೊಂಡಿದ್ದರು; ಇಂದು ರೂಟು ಇಟ್ಟುಕೊಂಡು ಬಸ್ಸನ್ನು ಬಾಡಿಗೆಗೆ ತರುತ್ತಿದ್ದಾರೆ. ಬೆಂಗಳೂರಿನ ಬಿಎಂಟಿಸಿಯಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಬಂದದ್ದು ಹೀಗೆಯೇ. ಚೆನ್ನೈಯಲ್ಲಿ 2025ರ ಜೂನ್ 30ರಂದು ವ್ಯಾಸರ್‌ಪಾಡಿ ಡಿಪೊದಿಂದ 120 ಎಲೆಕ್ಟ್ರಿಕ್ ಬಸ್ಸುಗಳಿಗೆ ಮುಖ್ಯಮಂತ್ರಿ ಹಸಿರು ಬಾವುಟ ತೋರಿದರು. ಬಸ್ಸು ಖಾಸಗಿ ಕಂಪನಿಯದು, ಬ್ಯಾಟರಿ ಅದರದು, ರಿಪೇರಿ ಅದರದು. ಎಂಟಿಸಿ ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಲೆಕ್ಕ ಹಾಕಿ ಹಣ ಕೊಡುತ್ತದೆ. ಸ್ಟೀರಿಂಗ್ ಹಿಡಿದವನ ಸಂಬಳ ಕಂಪನಿಯಿಂದ ಬರುತ್ತದೆ. ಟಿಕೆಟ್ ಚೀಲ ಹೊತ್ತ ಕಂಡಕ್ಟರನ ಸಂಬಳ ಪಲ್ಲವನ್ ಇಲ್ಲಂನಿಂದ ಬರುತ್ತದೆ. ರಾತ್ರಿ ಡಿಪೊಗೆ ಮರಳಿದ ಮೇಲೆ ಕಲೆಕ್ಷನ್ ಒಂದು ಕಿಟಕಿಗೆ ಹೋಗುತ್ತದೆ, ಓಡಿದ ಕಿಲೋಮೀಟರಿನ ಲೆಕ್ಕ ಇನ್ನೊಂದು ಕಡೆಗೆ.